ಕತ್ತರಿ ಹಿಡಿಯುವ ಕೈಗೆ ಎಷ್ಟು ಗಂಟೆಯ ಕಲಿಕೆ?

ಕೊಲ್ಹಾಪುರ ಸೀಮೆಯ ಸಲೂನು, ಪಾರ್ಲರುಗಳ ನೆಲೆಯಲ್ಲಿ ತರಬೇತಿ ಮತ್ತು ಪರವಾನಗಿಯ ಪ್ರಶ್ನೆ

ಕೊಲ್ಹಾಪುರದ ರಾಜಾರಾಮಪುರಿಯಲ್ಲಿ ಹತ್ತಾರು ಕುರ್ಚಿಗಳನ್ನಿಟ್ಟುಕೊಂಡು ನಡೆಯುವ ಸಲೂನಾಗಲಿ, ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಮನೆಯ ಮುಂಗೋಣೆಯನ್ನೇ ಬ್ಯೂಟಿ ಪಾರ್ಲರ್ ಮಾಡಿಕೊಂಡ ಹೆಣ್ಣುಮಗಳ ಉದ್ಯೋಗವಾಗಲಿ, ಗಡಹಿಂಗ್ಲಜದ ಪೇಟೆಯಲ್ಲಿರುವ ಎರಡು ಕುರ್ಚಿಯ ಕ್ಷೌರದಂಗಡಿಯಾಗಲಿ, ಇವೆಲ್ಲವನ್ನೂ ನಮ್ಮ ಕಾನೂನು ನೋಡುವುದು ಅಂಗಡಿಗಳೆಂದು ಮಾತ್ರ. ಅಂಗಡಿ ಎಲ್ಲಿದೆ, ಅದರಲ್ಲಿ ಎಷ್ಟು ಮಂದಿ ದುಡಿಯುತ್ತಾರೆ, ವಾರದ ರಜೆ ಯಾವ ದಿನ, ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸರಕಾರ ಕೇಳುತ್ತದೆ. ಆದರೆ ಗಿರಾಕಿಯ ಗಂಟಲಿನ ಮೇಲೆ ಬ್ಲೇಡು ಎಳೆಯುವ ಕೈ, ತಲೆಯ ಚರ್ಮಕ್ಕೆ ಬಣ್ಣದ ರಾಸಾಯನಿಕ ಹಚ್ಚುವ ಕೈ, ಹುಬ್ಬಿನ ಕೂದಲನ್ನು ದಾರದಿಂದ ಕೀಳುವ ಕೈ ಈ ಕೆಲಸವನ್ನು ಎಲ್ಲಿ, ಎಷ್ಟು ದಿನ, ಯಾರಿಂದ ಕಲಿಯಿತು ಎಂಬ ಪ್ರಶ್ನೆಯನ್ನು ಯಾವ ಕಚೇರಿಯೂ ಕೇಳುವುದಿಲ್ಲ. ಈ ಮೌನವನ್ನು ಕೆಲವರು ಬಡವರ ಉದ್ಯೋಗಕ್ಕೆ ಸಿಕ್ಕ ಸ್ವಾತಂತ್ರ್ಯವೆಂದೂ ಇನ್ನು ಕೆಲವರು ಗಿರಾಕಿಯ ಆರೋಗ್ಯದ ಬಗೆಗಿನ ಅಸಡ್ಡೆಯೆಂದೂ ತಿಳಿಯುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯವಿರುವುದರಿಂದಲೇ ಈ ಪ್ರಶ್ನೆಯನ್ನು ಸಾವಧಾನದಿಂದ ಬಿಡಿಸಿ ನೋಡಬೇಕಾಗಿದೆ.

ನೋಂದಣಿ, ಪ್ರಮಾಣಪತ್ರ, ಪರವಾನಗಿ

ದಿನದ ಮಾತಿನಲ್ಲಿ ‘ಲೈಸೆನ್ಸ್’ ಎಂಬ ಒಂದೇ ಪದದಡಿ ಸೇರಿಹೋಗುವ ಮೂರು ಬೇರೆ ಬೇರೆ ಏರ್ಪಾಡುಗಳನ್ನು ಮೊದಲು ವಿಂಗಡಿಸಿಕೊಳ್ಳಬೇಕು. ಉದ್ಯೋಗ ಮಾಡುವವನು ತನ್ನ ಹೆಸರು, ವಿಳಾಸಗಳನ್ನು ಸರಕಾರದ ಪಟ್ಟಿಯಲ್ಲಿ ಬರೆಸುವುದು ನೋಂದಣಿ. ಇದರಿಂದ ಆತನ ಕೌಶಲ್ಯದ ಬಗ್ಗೆ ಏನೂ ತಿಳಿಯುವುದಿಲ್ಲ. ಒಂದು ಸಂಸ್ಥೆ ಪರೀಕ್ಷೆ ಮಾಡಿ ಈತ ಕೆಲಸ ಬಲ್ಲವನು ಎಂದು ಬರೆದುಕೊಡುವುದು ಪ್ರಮಾಣಪತ್ರ. ಅದಿಲ್ಲದವರೂ ಕೆಲಸ ಮಾಡಬಹುದು, ಇದ್ದವರಿಗೆ ಗಿರಾಕಿಯ ನಂಬಿಕೆ ಒಂದಿಷ್ಟು ಹೆಚ್ಚು ಸಿಗುತ್ತದೆ. ನಿಗದಿಪಡಿಸಿದ ಕಲಿಕೆಯನ್ನು ಮುಗಿಸಿ ಪರೀಕ್ಷೆ ಪಾಸಾಗದವರು ಆ ಕೆಲಸಕ್ಕೆ ಕೈಹಾಕುವುದೇ ಅಪರಾಧ ಎನ್ನುವ ಏರ್ಪಾಡು ಔದ್ಯೋಗಿಕ ಪರವಾನಗಿ. ವೈದ್ಯರಿಗೆ, ವಕೀಲರಿಗೆ, ಔಷಧ ವಿತರಕರಿಗೆ ನಮ್ಮ ದೇಶದಲ್ಲಿ ಈ ಮೂರನೆಯ ಏರ್ಪಾಡು ಇದ್ದರೆ, ಕ್ಷೌರ ಮತ್ತು ಸೌಂದರ್ಯ ಸೇವೆಗಳಿಗೆ ಮೊದಲ ಎರಡು ಮಾತ್ರ ಇವೆ.

ಸಂವಿಧಾನ ಇಂತಹ ಪರವಾನಗಿಗೆ ಅಡ್ಡಿಯಾಗಿಲ್ಲ. ಯಾವ ವೃತ್ತಿಯನ್ನಾದರೂ ಕೈಗೊಳ್ಳುವ ಹಕ್ಕನ್ನು 19(1)(ಜಿ) ವಿಧಿ ನಾಗರಿಕರಿಗೆ ಕೊಟ್ಟಿದ್ದು, ಅದೇ ವಿಧಿಯ 6ನೇ ಖಂಡವು ವೃತ್ತಿಯೊಂದಕ್ಕೆ ಅಗತ್ಯವಾದ ತಾಂತ್ರಿಕ ಅರ್ಹತೆಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಸರಕಾರಕ್ಕೆ ಬಿಟ್ಟಿದೆ. ಕೂದಲು ಮತ್ತು ಚರ್ಮದ ಕೆಲಸದ ವಿಷಯದಲ್ಲಿ ಆ ಅಧಿಕಾರವನ್ನು ಬಳಸುವ ಗೋಜಿಗೆ ಸರಕಾರಗಳು ಹೋಗಿಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಜಾರಿಗೆ ಬಂದಾಗ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳಿಗೆ ನೋಂದಣಿಯನ್ನೂ ಬಿಟ್ಟುಕೊಟ್ಟು, ವ್ಯವಹಾರ ಆರಂಭಿಸಿದ ಮಾಹಿತಿಯನ್ನು ತಿಳಿಸಿದರೆ ಸಾಕು ಎಂದಿತು. ಸಣ್ಣ ಊರುಗಳ ಕ್ಷೌರದಂಗಡಿ ಮತ್ತು ಪಾರ್ಲರುಗಳಲ್ಲಿ ಹೆಚ್ಚಿನವು ಒಬ್ಬಿಬ್ಬರ ದುಡಿಮೆಯಿಂದ ನಡೆಯುವುದರಿಂದ ಅವು ಈ ಸಡಿಲಿಕೆಯೊಳಗೇ ಬರುತ್ತವೆ.

ಜಾತಿಯೇ ಪರವಾನಗಿಯಾಗಿದ್ದ ಕಾಲ

ಹಾಗೆಂದು ಈ ಸೀಮೆಯಲ್ಲಿ ಕತ್ತರಿ ಯಾವಾಗಲೂ ಎಲ್ಲರ ಕೈಗೂ ಮುಕ್ತವಾಗಿತ್ತು ಎಂದು ತಿಳಿಯಬಾರದು. ಕನ್ನಡ ನಾಡಿನಲ್ಲಿ ಆಯಗಾರರೆಂದೂ ಮರಾಠಿ ನಾಡಿನಲ್ಲಿ ಬಲುತೇದಾರರೆಂದೂ ಕರೆಯಲಾಗುತ್ತಿದ್ದ ಹಳ್ಳಿಯ ಕಸುಬುದಾರರಲ್ಲಿ ಕ್ಷೌರಿಕನೂ ಒಬ್ಬ. ಆತ ವರ್ಷವಿಡೀ ಊರಿನ ಮನೆಗಳಿಗೆ ಹೋಗಿ ಕ್ಷೌರ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳನ್ನು ಪಡೆಯುತ್ತಿದ್ದ. ಮಗ ತಂದೆಯ ಪಕ್ಕದಲ್ಲಿ ಕುಳಿತು ಕತ್ತಿ ಮಸೆಯುವುದರಿಂದ ಕಲಿಕೆ ಶುರುಮಾಡುತ್ತಿದ್ದುದರಿಂದ ತರಬೇತಿ ಕಟ್ಟುನಿಟ್ಟಾಗಿಯೇ ಇತ್ತು. ಆದರೆ ಕಲಿಯಲು ಯಾರಿಗೆ ಅವಕಾಶವೆಂಬುದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿತ್ತು. ಕಲಿತವನಿಗೆ ಬೇರೆ ಕಸುಬು ಹಿಡಿಯುವ ದಾರಿಯೂ ಇರುತ್ತಿರಲಿಲ್ಲ. ಪರವಾನಗಿಯೆಂದರೆ ಒಳಗೆ ಬರುವ ಬಾಗಿಲನ್ನು ಕಾಯುವ ವ್ಯವಸ್ಥೆ ಎಂದಾದರೆ ಜಾತಿಯೇ ಅಂದಿನ ಪರವಾನಗಿಯಾಗಿತ್ತು, ಮತ್ತು ಆ ಬಾಗಿಲು ಹೊರಗೆ ಹೋಗುವವರಿಗೂ ಮುಚ್ಚಿತ್ತು.

ಕಸುಬಿನ ನೆನಪುಗಳು ಎರಡೂ ಭಾಷೆಗಳಲ್ಲಿ ಉಳಿದಿವೆ. ಕನ್ನಡದ ‘ಹಡಪ’ ಎಂಬ ಮಾತಿಗೆ ಎಲೆಯಡಿಕೆಯ ಸಂಚಿ ಎಂಬ ಅರ್ಥದ ಜೊತೆಗೆ ಕ್ಷೌರದ ಸಾಮಾನಿನ ಚೀಲ ಎಂಬ ಅರ್ಥವೂ ಇದೆ. ಬಸವಣ್ಣನವರ ಒಡನಾಡಿಯಾಗಿದ್ದ ಶರಣ ಹಡಪದ ಅಪ್ಪಣ್ಣನವರ ಹೆಸರನ್ನು ಈ ಸಮುದಾಯ ಇಂದಿಗೂ ತನ್ನ ಗುರುತಾಗಿ ಇಟ್ಟುಕೊಂಡಿದೆ. ಮರಾಠಿ ನಾಭಿಕ ಸಮಾಜ ವಾರಕರಿ ಸಂತ ಸೇನಾ ಮಹಾರಾಜರನ್ನು ನೆನೆಯುತ್ತದೆ. ಕೊಲ್ಹಾಪುರದ ಮಗ್ಗುಲಿನ ಪನ್ಹಾಳ ಕೋಟೆಯ ಬಳಿ ನಿಂತಿರುವ ಶಿವಾ ಕಾಶಿದನ ಸ್ಮಾರಕವು, 1660ರಲ್ಲಿ ಸಿದ್ದಿ ಜೌಹರನ ಮುತ್ತಿಗೆಯಿಂದ ಶಿವಾಜಿ ಪಾರಾಗಿ ಹೋಗಲೆಂದು ಶಿವಾಜಿಯ ವೇಷದಲ್ಲಿ ಪಲ್ಲಕ್ಕಿಯೇರಿ ಪ್ರಾಣ ಕೊಟ್ಟ ಕ್ಷೌರಿಕನನ್ನು ನೆನಪಿಸುತ್ತದೆ.

ಕಸುಬಿಗೂ ಹುಟ್ಟಿಗೂ ಇದ್ದ ಕಟ್ಟನ್ನು ಕಾನೂನಿನಿಂದ ಬಿಚ್ಚಿದ ಕೀರ್ತಿಯೂ ಕೊಲ್ಹಾಪುರಕ್ಕೇ ಸೇರಬೇಕು. 1902ರಲ್ಲಿ ಹಿಂದುಳಿದವರಿಗೆ ಸಂಸ್ಥಾನದ ನೌಕರಿಗಳಲ್ಲಿ ಶೇಕಡ 50ರ ಮೀಸಲಾತಿ ತಂದ ಇಲ್ಲಿನ ಅರಸ ಶಾಹೂ ಮಹಾರಾಜರು, 1918ರಲ್ಲಿ ಬಲುತೇದಾರಿಯ ಕಡ್ಡಾಯ ಸಂಬಂಧವನ್ನು ರದ್ದುಪಡಿಸಿ ಯಾರು ಯಾವ ಉದ್ಯೋಗವನ್ನಾದರೂ ಮಾಡಬಹುದೆಂಬ ಹಾದಿಯನ್ನು ತೆರೆದರು. ತರಬೇತಿಯ ನಿಯಮಗಳ ಬಗ್ಗೆ ಇಂದು ಯೋಚಿಸುವವರು ಈ ಹಿನ್ನೆಲೆಯನ್ನು ಮರೆಯುವಂತಿಲ್ಲ. ಒಂದು ನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ತೆರೆದ ಬಾಗಿಲನ್ನು ಶುಲ್ಕ, ಪ್ರಮಾಣಪತ್ರ ಮತ್ತು ಸಾವಿರಾರು ಗಂಟೆಗಳ ತರಗತಿಯ ಹೆಸರಿನಲ್ಲಿ ಮತ್ತೆ ಮುಚ್ಚಿದರೆ ಅದು ಸುಧಾರಣೆಯಾಗಲಾರದು.

ಹಸೂರಸಾಸಗಿರಿಯ ಶಾಂತಾಬಾಯಿ

ಗಡಹಿಂಗ್ಲಜ ತಾಲೂಕಿನ ಹಸೂರಸಾಸಗಿರಿ ಎಂಬ ಹಳ್ಳಿಯ ಶಾಂತಾಬಾಯಿ ಯಾದವ ಅವರ ಬದುಕು ಈ ಚರ್ಚೆಗೆ ಒರೆಗಲ್ಲಿನಂತಿದೆ. ಕ್ಷೌರಿಕ ವೃತ್ತಿಯ ಪತಿ ಶ್ರೀಪತಿ 1984ರಲ್ಲಿ ತೀರಿಕೊಂಡಾಗ ನಾಲ್ಕು ಹೆಣ್ಣುಮಕ್ಕಳ ಹೊಣೆ ಅವರೊಬ್ಬರ ಮೇಲೆ ಬಿತ್ತು. ಕೂಲಿಯಿಂದ ಐದು ಹೊಟ್ಟೆ ತುಂಬದಿದ್ದಾಗ, ಪತಿಯ ಕತ್ತಿಯನ್ನು ನೀನೇ ಯಾಕೆ ಹಿಡಿಯಬಾರದು ಎಂದು ಸೂಚಿಸಿದವರು ಊರಿನ ಮುಖಂಡ ಹರಿಭಾವು ಕಡೂಕರ ಅವರು. ಸೂಚಿಸಿ ಸುಮ್ಮನಾಗದೆ ಮೊದಲ ಗಿರಾಕಿಯಾಗಿ ತಾವೇ ಮುಂದೆ ಕುಳಿತರು. ಹೆಂಗಸು ಗಂಡಸರ ಗಡ್ಡ ಬೋಳಿಸುವುದನ್ನು ಊರು ಕಂಡರಿಯದ ಕಾಲದಲ್ಲಿ ಹೀಗೆ ಆರಂಭವಾದ ಕೆಲಸ ಸುತ್ತಲಿನ ಹಳ್ಳಿಗಳಿಗೂ ಹರಡಿತು. ಜನರಿಗಷ್ಟೇ ಅಲ್ಲದೆ ಎಮ್ಮೆಗಳಿಗೂ ಅವರು ಕೂದಲು ತೆಗೆದರು. ಅದೇ ದುಡಿಮೆಯಿಂದ ಹೆಣ್ಣುಮಕ್ಕಳನ್ನು ಬೆಳೆಸಿ ಮದುವೆ ಮಾಡಿದ ಅವರನ್ನು ಮುಂದೆ ಪತ್ರಿಕೆಗಳು ದೇಶದ ಮೊದಲ ಮಹಿಳಾ ಕ್ಷೌರಿಕರೆಂದು ಗುರುತಿಸಿದವು.

1984ರಲ್ಲಿ ಮಹಾರಾಷ್ಟ್ರದಲ್ಲಿ ಸಾವಿರ ಗಂಟೆಗಳ ತರಗತಿಯನ್ನು ಮುಗಿಸದೆ ಕತ್ತಿ ಹಿಡಿಯುವಂತಿಲ್ಲ ಎಂಬ ಕಾನೂನು ಇದ್ದಿದ್ದರೆ ಈ ಕಥೆ ಮೊದಲ ದಿನವೇ ನಿಂತುಹೋಗುತ್ತಿತ್ತು. ಕಲಿಯುವಷ್ಟು ಕಾಲ ಕೂಲಿ ಬಿಟ್ಟು ಕುಳಿತುಕೊಳ್ಳಲು ವಿಧವೆಯೊಬ್ಬಳಿಗೆ ಸಾಧ್ಯವಿರಲಿಲ್ಲ, ಶುಲ್ಕ ಕಟ್ಟುವ ಮಾತಂತೂ ದೂರವೇ ಉಳಿಯಿತು. ಇನ್ನೊಂದು ಮಗ್ಗುಲಿನಿಂದ ನೋಡಿದರೆ, ಬ್ಲೇಡು ಮತ್ತು ರಕ್ತದ ಸಂಬಂಧ, ಕುದಿಸುವ ಮತ್ತು ಶುದ್ಧಗೊಳಿಸುವ ಕ್ರಮ, ಗಾಯವಾದಾಗ ಮಾಡಬೇಕಾದದ್ದು, ಇಷ್ಟನ್ನು ನಾಲ್ಕಾರು ದಿನಗಳಲ್ಲಿ ಹಳ್ಳಿಗೇ ಬಂದು ಕಲಿಸುವ ಏರ್ಪಾಡು ಅಂದು ಇದ್ದಿದ್ದರೆ ಆ ಕುಟುಂಬಕ್ಕೂ ಅವರ ಗಿರಾಕಿಗಳಿಗೂ ಒಳ್ಳೆಯದೇ ಆಗುತ್ತಿತ್ತು. ತರಬೇತಿಯ ನಿಯಮ ಹೇಗಿರಬೇಕೆಂಬ ಪ್ರಶ್ನೆಗೆ ಉತ್ತರವನ್ನು ಈ ಎರಡರ ನಡುವೆ ಹುಡುಕಬೇಕು.

ಇಂದಿರುವ ಕಲಿಕೆಯ ದಾರಿಗಳು

ಕಡ್ಡಾಯವಿಲ್ಲದಿದ್ದರೂ ಕಲಿಯುವ ಮನಸ್ಸಿದ್ದವರಿಗೆ ಇಂದು ಹಲವು ದಾರಿಗಳಿವೆ. ಅವುಗಳಲ್ಲಿ ಅತ್ಯಂತ ದೀರ್ಘವಾದದ್ದು ಕೈಗಾರಿಕಾ ತರಬೇತಿ ಸಂಸ್ಥೆಗಳ, ಅಂದರೆ ಐಟಿಐಗಳ ‘ಕಾಸ್ಮೆಟಾಲಜಿ’ ಪಾಠಕ್ರಮ. ಕೂದಲು, ಚರ್ಮ, ಉಗುರುಗಳ ಆರೈಕೆ ಮತ್ತು ಅಲಂಕಾರವನ್ನು ಒಟ್ಟಾಗಿ ಕಲಿಸುವ ಈ ವಿಷಯಕ್ಕೆ ಹತ್ತನೇ ತರಗತಿ ಪಾಸಾದವರು ಸೇರಬಹುದು. ಅವಧಿ ಒಂದು ವರ್ಷ, ಸುಮಾರು 1,200 ಗಂಟೆ. ಇದರಲ್ಲಿ ಹೆಚ್ಚಿನ ಪಾಲು ಕೈಕೆಲಸದ ಅಭ್ಯಾಸಕ್ಕೆ ಮೀಸಲು. ಪರೀಕ್ಷೆ ಪಾಸಾದವರಿಗೆ ಸಿಗುವ ರಾಷ್ಟ್ರೀಯ ವ್ಯಾವಸಾಯಿಕ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆಯಿದೆ.

ಎರಡನೆಯದು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯ ಕಿರು ಅವಧಿಯ ತರಬೇತಿ. ಇದಕ್ಕೆ ಬೇಕಾದ ಮಾನದಂಡಗಳನ್ನು ಸೌಂದರ್ಯ ಮತ್ತು ಕ್ಷೇಮ ವಲಯದ ಕೌಶಲ್ಯ ಮಂಡಳಿ ರೂಪಿಸಿದ್ದು, ಸಹಾಯಕಿಯ ಹಂತಕ್ಕೆ ಒಂದು, ಸ್ವತಂತ್ರವಾಗಿ ಕೆಲಸ ಮಾಡುವವರಿಗೆ ಅದಕ್ಕಿಂತ ಮೇಲಿನದು ಎಂಬಂತೆ ಮೆಟ್ಟಿಲುಗಳಿವೆ. ಇದೇ ಯೋಜನೆಯಲ್ಲಿ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ಉಪಯುಕ್ತ ಅಂಗವೊಂದು ಇದೆ. ತಂದೆಯಿಂದಲೋ ಸೋದರಮಾವನಿಂದಲೋ ಕೆಲಸ ಕಲಿತು ಹತ್ತು ವರ್ಷ ದುಡಿದವನನ್ನು ಮತ್ತೆ ಮೊದಲ ಪಾಠಕ್ಕೆ ಕೂರಿಸದೆ, ಆತ ಈಗಾಗಲೇ ಬಲ್ಲದ್ದನ್ನು ಪರೀಕ್ಷಿಸಿ, ಕೊರತೆಯಿರುವಷ್ಟನ್ನು ಮಾತ್ರ ಕಲಿಸಿ ಪ್ರಮಾಣಪತ್ರ ಕೊಡುವುದು ಇದರ ಉದ್ದೇಶ.

ಮೂರನೆಯ ದಾರಿಗೆ ಕನ್ನಡ ನಾಡಿನ ಮೂಲವಿದೆ. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದೊಂದಿಗೆ ಹುಟ್ಟಿದ ರುಡ್‌ಸೆಟ್ ಸಂಸ್ಥೆ, ಗ್ರಾಮೀಣ ಯುವಜನರಿಗೆ ಉಚಿತ ಊಟ ವಸತಿಯೊಡನೆ ಕೆಲವೇ ವಾರಗಳ ಸ್ವಉದ್ಯೋಗ ತರಬೇತಿ ಕೊಟ್ಟು, ತರಬೇತಿಯ ನಂತರವೂ ಅವರ ಬೆನ್ನಿಗೆ ನಿಂತು ಬ್ಯಾಂಕಿನ ಸಾಲಕ್ಕೆ ದಾರಿ ಮಾಡಿಕೊಡುವ ಮಾದರಿಯನ್ನು ಕಟ್ಟಿತು. ಕೇಂದ್ರ ಸರಕಾರ ಇದನ್ನೇ ದೇಶಕ್ಕೆಲ್ಲ ವಿಸ್ತರಿಸಿದಾಗ ಜಿಲ್ಲೆಗೊಂದರಂತೆ ಆರ್‌ಸೆಟಿ ಸಂಸ್ಥೆಗಳು ಬಂದವು. ಕೊಲ್ಹಾಪುರದಲ್ಲಿ ಇದರ ಹೊಣೆ ಜಿಲ್ಲೆಯ ಅಗ್ರಣಿ ಬ್ಯಾಂಕಾದ ಬ್ಯಾಂಕ್ ಆಫ್ ಇಂಡಿಯಾದ್ದು. ಬ್ಯೂಟಿ ಪಾರ್ಲರ್ ನಿರ್ವಹಣೆ ಈ ಸಂಸ್ಥೆಗಳಲ್ಲಿ ಸುಮಾರು ಒಂದು ತಿಂಗಳ ಪಾಠವಾಗಿ ನಡೆಯುತ್ತದೆ. ಉಜಿರೆಯಲ್ಲಿ ಮೊಳೆತ ಸಸಿ ಪಂಚಗಂಗೆಯ ದಂಡೆಯಲ್ಲಿಯೂ ನೆರಳು ಕೊಡುತ್ತಿರುವುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ನಾಲ್ಕನೆಯದು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ. ಇದು ಗುರುತಿಸಿದ 18 ಪಾರಂಪರಿಕ ಕಸುಬುಗಳಲ್ಲಿ ಕ್ಷೌರವೂ ಒಂದು. ಐದಾರು ದಿನಗಳ 40 ಗಂಟೆಗಳ ಮೂಲ ತರಬೇತಿ, ಬೇಕೆಂದವರಿಗೆ 15 ದಿನಗಳ 120 ಗಂಟೆಗಳ ಮುಂದುವರಿದ ತರಬೇತಿ, ಕಲಿಯುವ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ಶೇಕಡ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿಯವರೆಗೆ ಸಾಲ ಇದರ ಮುಖ್ಯ ಅಂಶಗಳು. ಕಲಿಕೆಯ ದಿನಗಳಲ್ಲಿ ಮನೆಯ ಒಲೆ ಆರದಂತೆ ನೋಡಿಕೊಳ್ಳುವ ದಿನಭತ್ಯೆಯ ಕಲ್ಪನೆ ಇಲ್ಲಿನ ಬಹು ದೊಡ್ಡ ಗುಣ. ಆದರೆ ಆ ಪಟ್ಟಿಯಲ್ಲಿ ಬ್ಯೂಟಿ ಪಾರ್ಲರ್ ಎಂಬ ಹೆಸರು ಪ್ರತ್ಯೇಕವಾಗಿ ಇಲ್ಲದಿರುವುದು ಹೆಣ್ಣುಮಕ್ಕಳ ಮಟ್ಟಿಗೆ ಕೊರತೆಯಾಗಿಯೇ ಉಳಿದಿದೆ.

ಇವೆಲ್ಲವುಗಳ ಹೊರಗೆ ಪ್ರತಿ ತಾಲೂಕು ಕೇಂದ್ರದಲ್ಲಿಯೂ ಖಾಸಗಿ ತರಗತಿಗಳಿವೆ. ಒಂದು ವಾರದ ವಧು ಅಲಂಕಾರದಿಂದ ಹಿಡಿದು ಆರು ತಿಂಗಳ ‘ಡಿಪ್ಲೊಮಾ’ದವರೆಗೆ ಹಲವು ಹೆಸರಿನ ಕಾಗದಗಳು ಅಲ್ಲಿ ಸಿಗುತ್ತವೆ. ಯಾವ ಕಾಗದದ ಹಿಂದೆ ಪರೀಕ್ಷೆಯಿದೆ, ಯಾವುದರ ಹಿಂದೆ ಶುಲ್ಕವಷ್ಟೇ ಇದೆ ಎಂದು ತಿಳಿಯುವ ಸುಲಭ ಮಾರ್ಗ ಗಿರಾಕಿಗೂ ಇಲ್ಲ, ಕಲಿಯಲು ಬಂದ ಹುಡುಗಿಗೂ ಇಲ್ಲ.

ಗಂಟೆ ಎಣಿಸುವ ದೇಶಗಳು

ಪರವಾನಗಿಯನ್ನು ಕಡ್ಡಾಯ ಮಾಡಿದ ದೇಶಗಳ ಅನುಭವದಿಂದ ಕಲಿಯುವುದು ಬಹಳಷ್ಟಿದೆ. ಅಮೆರಿಕದಲ್ಲಿ ಕ್ಷೌರಿಕರಿಗೆ ಪರವಾನಗಿ ಬೇಕೆಂಬ ಮೊದಲ ಕಾನೂನು 1897ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಬಂದಿತು. ಕಾಲಕ್ರಮದಲ್ಲಿ ಎಲ್ಲ ರಾಜ್ಯಗಳೂ ಕೂದಲು ಮತ್ತು ಸೌಂದರ್ಯ ವೃತ್ತಿಗಳಿಗೆ ಶಾಲೆಯ ಗಂಟೆಗಳನ್ನು ನಿಗದಿಪಡಿಸಿದವು. ನ್ಯೂಯಾರ್ಕಿನಲ್ಲಿ 1,000 ಗಂಟೆ ಸಾಕಾಗಿದ್ದ ಅದೇ ವಿದ್ಯೆಗೆ ಕ್ಯಾಲಿಫೋರ್ನಿಯದಲ್ಲಿ 1,600 ಗಂಟೆ ಬೇಕಾಗಿತ್ತು. ಕೂದಲು ಎರಡು ಕಡೆಯೂ ಒಂದೇ ರೀತಿ ಬೆಳೆಯುವಾಗ ಈ ಅಂತರಕ್ಕೆ ಆರೋಗ್ಯದ ಕಾರಣ ಕೊಡಲಾಗದೆ ಕ್ಯಾಲಿಫೋರ್ನಿಯವೂ 2022ರಿಂದ 1,000 ಗಂಟೆಗೆ ಇಳಿಯಿತು. ಗಂಟೆಗಳು ಹೆಚ್ಚಿದಷ್ಟೂ ತರಬೇತಿ ಶಾಲೆಗಳ ಆದಾಯ ಹೆಚ್ಚುತ್ತದೆ, ಈಗಾಗಲೇ ಪರವಾನಗಿ ಪಡೆದವರಿಗೆ ಪೈಪೋಟಿ ಕಡಿಮೆಯಾಗುತ್ತದೆ. ಆದ್ದರಿಂದ ನಿಯಮ ಬಿಗಿಯಾಗಲಿ ಎಂಬ ಒತ್ತಾಯ ಗಿರಾಕಿಗಳಿಗಿಂತ ವೃತ್ತಿಯ ಒಳಗಿನವರಿಂದಲೇ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞರು ಹಿಂದಿನಿಂದಲೂ ಎಚ್ಚರಿಸುತ್ತ ಬಂದಿದ್ದಾರೆ.

ಭಾರತೀಯರಿಗೆ ಹತ್ತಿರವಾದ ಒಂದು ಮೊಕದ್ದಮೆ ಟೆಕ್ಸಸ್ ರಾಜ್ಯದಲ್ಲಿ ನಡೆಯಿತು. ನಮ್ಮ ಕಡೆಯ ಪಾರ್ಲರುಗಳಲ್ಲಿ ‘ಥ್ರೆಡಿಂಗ್’ ಅಥವಾ ‘ಐಬ್ರೋ’ ಎಂದೇ ಕರೆಯುವ, ದಾರದಿಂದ ಹುಬ್ಬು ತಿದ್ದುವ ಕೆಲಸದಲ್ಲಿ ಬ್ಲೇಡಿಲ್ಲ, ಬಿಸಿಯಿಲ್ಲ, ರಾಸಾಯನಿಕವಿಲ್ಲ. ಹತ್ತಿಯ ದಾರವನ್ನು ಕುಣಿಕೆಯಂತೆ ಹೊಸೆದು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಯೋ ಕೊರಳಿಗೆ ಸುತ್ತಿಯೋ ಬಿಗಿಹಿಡಿದು, ಎರಡು ಕೈಗಳ ಬೆರಳುಗಳನ್ನು ಅರಳಿಸಿ ಮುಚ್ಚುತ್ತ ಹೋದರೆ ಹೊಸೆದ ಗಂಟು ಚರ್ಮದ ಮೇಲೆ ಓಡಾಡಿ ಕೂದಲನ್ನು ಬುಡಸಮೇತ ಎತ್ತುತ್ತದೆ. ಗಿರಾಕಿ ರೆಪ್ಪೆಯ ಚರ್ಮವನ್ನು ತಾನೇ ಎಳೆದು ಹಿಡಿದಿರಬೇಕಾಗುತ್ತದೆ. ಇಷ್ಟು ಕೆಲಸಕ್ಕೆ ಟೆಕ್ಸಸ್ ಸರಕಾರ ಮುಖದ ಆರೈಕೆಯ 750 ಗಂಟೆಗಳ ತರಬೇತಿಯನ್ನು ಕಡ್ಡಾಯ ಮಾಡಿದಾಗ ಆಶಿಶ್ ಪಟೇಲ್ ಮುಂತಾದವರು ನ್ಯಾಯಾಲಯಕ್ಕೆ ಹೋದರು. ಆ ಗಂಟೆಗಳಲ್ಲಿ ಸುಮಾರು 320 ಗಂಟೆಗಳಿಗೆ ದಾರದ ಕೆಲಸದೊಂದಿಗೆ ಸಂಬಂಧವೇ ಇಲ್ಲವೆಂಬುದನ್ನು ಗಮನಿಸಿದ ಟೆಕ್ಸಸ್ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಆ ನಿಯಮವನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿತು. ಕಲಿಕೆಯ ಅವಧಿಗೂ ಕೆಲಸದ ಅಪಾಯಕ್ಕೂ ಸಂಬಂಧವಿರಬೇಕು ಎಂಬ ತತ್ವ ಈ ತೀರ್ಪಿನಲ್ಲಿ ಸ್ಪಷ್ಟವಾಗಿ ಮೂಡಿದೆ.

ಇತರ ದೇಶಗಳ ದಾರಿಗಳು ಬೇರೆ. ಜರ್ಮನಿಯಲ್ಲಿ ಮೂರು ವರ್ಷಗಳ ಕಲಿಕೆ ಸಲೂನು ಮತ್ತು ಶಾಲೆಗಳ ನಡುವೆ ಹಂಚಿಹೋಗಿದ್ದು, ಸ್ವಂತ ಸಲೂನು ನಡೆಸಲು ಅದರ ಮೇಲೆ ‘ಮೈಸ್ಟರ್’ ಎಂಬ ಕುಶಲಕರ್ಮಿ ಪದವಿ ಬೇಕು. ಕಲಿಯುವವರಿಗೆ ಮೊದಲ ತಿಂಗಳಿನಿಂದಲೇ ಭತ್ಯೆ ಸಿಗುತ್ತದೆ ಎಂಬುದು ಗಮನಾರ್ಹ. ಜಪಾನಿನಲ್ಲಿ ಎರಡು ವರ್ಷಗಳ ಶಾಲೆ ಮತ್ತು ರಾಷ್ಟ್ರೀಯ ಪರೀಕ್ಷೆಯಿದೆ. ಬ್ರಿಟನ್ 1964ರ ಕಾಯ್ದೆಯಲ್ಲಿ ಕೇಶವಿನ್ಯಾಸಕಾರರಿಗೆ ಸ್ವಇಚ್ಛೆಯ ನೋಂದಣಿಯನ್ನಷ್ಟೇ ಇಟ್ಟಿತು. ಆದರೂ ಬ್ರಿಟನ್ನಿನ ಸಲೂನುಗಳು ನಡೆಯುತ್ತಲೇ ಇವೆ.

ಕನ್ನಡಿಯಲ್ಲಿ ಕಾಣದ ಅಪಾಯ

ಹಾಗಾದರೆ ನಿಯಮವೇ ಬೇಡವೆ? ಕಟಿಂಗ್ ಕೆಟ್ಟರೆ ಗಿರಾಕಿಗೆ ಎದುರಿನ ಕನ್ನಡಿಯಲ್ಲೇ ಕಾಣುತ್ತದೆ. ಮುಂದಿನ ಸಲ ಆತ ಪಕ್ಕದ ಅಂಗಡಿಗೆ ಹೋಗುತ್ತಾನೆ, ಕೆಲಸ ಬಾರದವನು ತಾನಾಗಿಯೇ ಹಿಂದೆ ಬೀಳುತ್ತಾನೆ. ಹುಬ್ಬಿನ ಆಕಾರ, ಮದುಮಗಳ ಅಲಂಕಾರ, ಜಡೆಯ ವಿನ್ಯಾಸಗಳ ಗುಣಮಟ್ಟವನ್ನು ಕಾಯಲು ಸರಕಾರದ ಪರೀಕ್ಷೆ ಬೇಕಿಲ್ಲ. ಕನ್ನಡಿ ತೋರಿಸದ ಸಂಗತಿಗಳು ಬೇರೆಯೇ ಇವೆ, ಮತ್ತು ಕಾನೂನಿನ ಕೆಲಸ ಆರಂಭವಾಗಬೇಕಾದದ್ದು ಅಲ್ಲಿಂದ.

ಎರಡು ಅಂಚಿನ ಬ್ಲೇಡನ್ನು ಅರ್ಧಕ್ಕೆ ಮುರಿದು ಮಡಚುವ ಕತ್ತಿಗೆ ಸೇರಿಸಿ ಬಳಸುವ ಪದ್ಧತಿಯಿಂದ ಬ್ಲೇಡಿನ ಸೋಂಕಿನ ಭಯ ಬಹಳಷ್ಟು ಕಡಿಮೆಯಾಗಿದೆ. ಆದರೆ ಗಡ್ಡ ಮುಗಿದ ಮೇಲೆ ಕೆನ್ನೆಗೆ ಉಜ್ಜುವ ಪಟಿಕದ ಬಿಲ್ಲೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಆಗಿರುತ್ತದೆ. ಒಬ್ಬನ ಸೂಕ್ಷ್ಮ ಗಾಯದ ರಕ್ತ ಅದರ ಮೇಲೆ ಉಳಿದು ಇನ್ನೊಬ್ಬನ ಗಾಯಕ್ಕೆ ತಾಗುವುದು ಅಸಂಭವವೇನಲ್ಲ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ಮೇಲ್ಮೈಯಲ್ಲಿ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಈ ರೋಗಕ್ಕೆ ಲಸಿಕೆಯಿದೆ. ದಿನವಿಡೀ ಇತರರ ಚರ್ಮದ ಮೇಲೆ ಕೆಲಸ ಮಾಡುವವರು ತಮ್ಮ ರಕ್ಷಣೆಗಾಗಿಯೇ ಅದನ್ನು ಹಾಕಿಸಿಕೊಳ್ಳಬೇಕು.

ಕಪ್ಪು ಬಣ್ಣದ ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಲ್ಲಿ ಮುಖ ಊದಿಸುವಷ್ಟು ತೀವ್ರವಾದ ಅಲರ್ಜಿಯನ್ನು ಉಂಟುಮಾಡುತ್ತದೆ. ಅದಕ್ಕಾಗಿಯೇ ಕಿವಿಯ ಹಿಂದೆಯೋ ಮೊಣಕೈಯ ಒಳಮಡಿಕೆಯಲ್ಲೋ ಒಂದು ತೊಟ್ಟು ಹಚ್ಚಿ 48 ಗಂಟೆ ಕಾದು ನೋಡುವ ಪರೀಕ್ಷೆಯನ್ನು ಡಬ್ಬಿಯ ಮೇಲೆಯೇ ಬರೆದಿರುತ್ತಾರೆ. ಅವಸರದ ಗಿರಾಕಿ ಮತ್ತು ಅವಸರದ ಅಂಗಡಿಗಳ ನಡುವೆ ಆ 48 ಗಂಟೆಗಳು ಕಳೆದುಹೋಗುತ್ತವೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಅಪರೂಪದ ಕಾಯಿಲೆಗೆ ಬಿಳುಪಿನ ಕ್ರೀಮುಗಳಲ್ಲಿದ್ದ ಪಾದರಸ ಕಾರಣವೆಂದು ವೈದ್ಯರು ಪತ್ತೆಹಚ್ಚಿದರು. ಸೌಂದರ್ಯವರ್ಧಕಗಳ 2020ರ ನಿಯಮಗಳು ಕ್ರೀಮುಗಳಲ್ಲಿ ಅರಿಯದೆ ಸೇರುವ ಪಾದರಸಕ್ಕೆ ಹತ್ತು ಲಕ್ಷಕ್ಕೆ ಒಂದು ಭಾಗದ ಮಿತಿ ಹಾಕಿವೆ. ಲೇಬಲ್ ಓದಲು ಕಲಿಸದಿದ್ದರೆ ಆ ಮಿತಿ ಪುಸ್ತಕದಲ್ಲೇ ಉಳಿಯುತ್ತದೆ.

ಎಲ್ಲಕ್ಕಿಂತ ಮೌನವಾದ ಅಪಾಯ ಕುತ್ತಿಗೆಯದು. ತಲೆ ತೊಳೆಯುವಾಗ ಕುತ್ತಿಗೆಯನ್ನು ತೊಟ್ಟಿಯ ಅಂಚಿನ ಮೇಲೆ ಅತಿಯಾಗಿ ಹಿಂದಕ್ಕೆ ಬಾಗಿಸಿದರೆ ಮೆದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಬಹುದೆಂದು 1993ರಲ್ಲಿ ಅಮೆರಿಕದ ವೈದ್ಯರು ‘ಬ್ಯೂಟಿ ಪಾರ್ಲರ್ ಸ್ಟ್ರೋಕ್’ ಎಂಬ ಹೆಸರಿನಿಂದ ದಾಖಲಿಸಿದರು. ಕ್ಷೌರದ ಕೊನೆಗೆ ಉಚಿತವಾಗಿ ಸಿಗುವ ತಲೆ ಮಾಲೀಸಿನಲ್ಲಿ ಕುತ್ತಿಗೆಯನ್ನು ‘ಲಟಕ್’ ಎನಿಸುವ ರೂಢಿಯಿಂದ ಬಳ್ಳಾರಿಯ ಯುವಕನೊಬ್ಬ ರಕ್ತನಾಳ ಹರಿದು ಪಾರ್ಶ್ವವಾಯುವಿಗೆ ತುತ್ತಾದ ಘಟನೆ 2024ರಲ್ಲಿ ವರದಿಯಾಯಿತು. ಕುತ್ತಿಗೆ ತಿರುಗಿಸಬಾರದೆಂದು ಕಲಿಸಲು ಸಾವಿರ ಗಂಟೆ ಬೇಕಿಲ್ಲ, ಹತ್ತು ನಿಮಿಷ ಸಾಕು; ಆದರೆ ಆ ಹತ್ತು ನಿಮಿಷವನ್ನು ಯಾರಾದರೂ ಕಡ್ಡಾಯವಾಗಿ ಕೊಡಲೇಬೇಕು.

ಅಪಾಯವನ್ನು ನೋಡಿ ಸೇವೆಗಳನ್ನು ವಿಂಗಡಿಸುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಕೊರೊನಾ ಕಾಲದ ಅನುಭವವೇ ಸಾಕ್ಷಿ. 2020ರ ಜೂನ್ 28ರಂದು ಮಹಾರಾಷ್ಟ್ರದಲ್ಲಿ ಸಲೂನುಗಳು ಮತ್ತೆ ತೆರೆದಾಗ ಕಟಿಂಗ್, ಡೈ, ವ್ಯಾಕ್ಸಿಂಗ್, ಥ್ರೆಡಿಂಗ್‌ಗಳಿಗೆ ಮಾತ್ರ ಅನುಮತಿ ಕೊಟ್ಟು, ಚರ್ಮದ ಆರೈಕೆಯ ಸೇವೆಗಳನ್ನು ತಡೆಹಿಡಿಯಲಾಗಿತ್ತು. ಪ್ರತಿ ಗಿರಾಕಿಯ ನಂತರ ಸಲಕರಣೆಗಳನ್ನು ಶುದ್ಧಗೊಳಿಸುವುದು ಕಡ್ಡಾಯವಾಗಿತ್ತು. ಅಂದು ಕೊಲ್ಹಾಪುರದ ಸಲೂನೊಂದರ ಯಜಮಾನರು ಮೊದಲ ಗಿರಾಕಿಯ ಕೂದಲನ್ನು ಚಿನ್ನದ ಕತ್ತರಿಯಿಂದ ಕತ್ತರಿಸಿ ಕಸುಬು ಮರಳಿ ಬಂದ ಸಂತೋಷವನ್ನು ಆಚರಿಸಿದ್ದು ದೇಶದ ಗಮನ ಸೆಳೆಯಿತು. ಮೂರು ತಿಂಗಳ ಬೀಗ ಈ ದುಡಿಮೆಗಾರರಿಗೆ ಎಷ್ಟು ಭಾರವಾಗಿತ್ತೆಂಬುದನ್ನು ಆ ಕತ್ತರಿ ಹೇಳಿತು.

ಯಾವ ಭಾಷೆಯಲ್ಲಿ ಕಲಿಸಬೇಕು?

ಗಡಹಿಂಗ್ಲಜ ತಾಲೂಕಿನ ಪೂರ್ವದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಸಂಕೇಶ್ವರ, ಹುಕ್ಕೇರಿಗಳೊಂದಿಗೆ ಬೀಗತನ, ಗಡಹಿಂಗ್ಲಜದೊಂದಿಗೆ ವ್ಯವಹಾರ. ಇಚಲಕರಂಜಿಯ ಮಗ್ಗಗಳಿಗೆ ಚಿಕ್ಕೋಡಿ, ನಿಪ್ಪಾಣಿಗಳ ಕಡೆಯಿಂದ ಬಂದು ನೆಲೆಸಿದ ಮನೆತನಗಳಲ್ಲಿಯೂ ಕನ್ನಡ ಉಳಿದಿದೆ. ಇಲ್ಲಿನ ಜನ ಗಿರಾಕಿಯೊಂದಿಗೆ ಮರಾಠಿಯನ್ನು ಸರಾಗವಾಗಿ ಆಡುತ್ತಾರೆ. ಆದರೆ ಮಾತನಾಡುವ ಮರಾಠಿ ಬೇರೆ, ರಾಸಾಯನಿಕದ ಪ್ರಮಾಣ, ಶುದ್ಧೀಕರಣದ ಹಂತ, ಅಲರ್ಜಿಯ ಲಕ್ಷಣಗಳನ್ನು ಓದಿ ಪರೀಕ್ಷೆ ಬರೆಯುವ ಭಾಷೆ ಬೇರೆ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಗೆ ಬ್ಲೀಚಿನ ಪುಡಿಯನ್ನು ಎಷ್ಟು ಪ್ರಮಾಣದಲ್ಲಿ ಬೆರೆಸಬೇಕೆಂಬುದು ತನ್ನ ಭಾಷೆಯಲ್ಲಿ ಸಿಗದಿದ್ದರೆ ಆಕೆ ಕಣ್ಣಂದಾಜಿನಿಂದ ಬೆರೆಸುತ್ತಾಳೆ, ಅದರ ಬೆಲೆಯನ್ನು ಇನ್ನೊಬ್ಬರ ಚರ್ಮ ತೆರುತ್ತದೆ. ಸುರಕ್ಷತೆಯ ಪಾಠ ಮತ್ತು ಪರೀಕ್ಷೆಗಳು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ದೊರೆಯಬೇಕೆಂಬ ಬೇಡಿಕೆಯನ್ನು ಗಡಿವಾದದ ಕಣ್ಣಿನಿಂದ ನೋಡದೆ ಆರೋಗ್ಯದ ಕಣ್ಣಿನಿಂದ ನೋಡಬೇಕು. ಬೆಳಗಾವಿಯ ಕಡೆ ಕನ್ನಡದಲ್ಲಿ ಪಾಠ ಹೇಳುವ ತರಬೇತುದಾರರು ಇರುವಾಗ ಎರಡು ಜಿಲ್ಲೆಗಳ ಸಂಸ್ಥೆಗಳು ಕೈಜೋಡಿಸಲು ಕಷ್ಟವೇನಿಲ್ಲ.

ಆಗಬೇಕಾದದ್ದು

ಇಷ್ಟೆಲ್ಲ ಅನುಭವಗಳಿಂದ ಮೂಡುವ ಮಾರ್ಗ ಮೂರು ಮೆಟ್ಟಿಲುಗಳದು. ಕತ್ತರಿ, ಬಾಚಣಿಗೆ, ದಾರ, ಮೆಹಂದಿ, ಅಲಂಕಾರಗಳ ಕೆಲಸಕ್ಕೆ ಯಾವ ಕಡ್ಡಾಯವೂ ಬೇಡ. ಕಲಿಯಬೇಕೆನ್ನುವವರಿಗೆ ಪ್ರಮಾಣಪತ್ರ ಇರಲಿ. ಬ್ಲೇಡು, ಬಣ್ಣ, ಬ್ಲೀಚು, ಕೂದಲು ನೇರಗೊಳಿಸುವ ರಾಸಾಯನಿಕಗಳನ್ನು ಬಳಸುವವರಿಗೆ ಸೋಂಕು, ಅಲರ್ಜಿ, ಪ್ರಥಮ ಚಿಕಿತ್ಸೆಗಳಿಗಷ್ಟೇ ಸೀಮಿತವಾದ, ವಿಶ್ವಕರ್ಮ ಯೋಜನೆಯ 40 ಗಂಟೆಗಳನ್ನು ಮೀರದ ತರಬೇತಿ ಮತ್ತು ಮೌಖಿಕ ಪರೀಕ್ಷೆ ಕಡ್ಡಾಯವಾಗಲಿ. ಅದು ಉಚಿತವಾಗಿರಲಿ, ದಿನಭತ್ಯೆಯೊಂದಿಗೆ ಇರಲಿ, ಕ್ಷೌರದಂಗಡಿಗಳ ವಾರದ ರಜೆಯ ದಿನ ನಡೆಯಲಿ, ಹಳಬರಿಗೆ ಪೂರ್ವ ಕಲಿಕೆಯ ಮಾನ್ಯತೆಯ ಮೂಲಕ ಒಂದೇ ದಿನದಲ್ಲಿ ಮುಗಿಯಲಿ. ಲೇಸರ್, ಚರ್ಮ ಸುಲಿಯುವ ಆಮ್ಲ, ಚುಚ್ಚುಮದ್ದು, ಕೂದಲು ಕಸಿ ಇವು ಸೌಂದರ್ಯದ ಹೆಸರಿನಲ್ಲಿ ನಡೆಯುವ ವೈದ್ಯಕೀಯ ಕೆಲಸಗಳು. ಕೂದಲು ಕಸಿಯನ್ನು ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದ್ದು, ಆ ಗೆರೆಯನ್ನು ಪಾರ್ಲರುಗಳ ಬಾಗಿಲಿನಲ್ಲಿ ಗಟ್ಟಿಯಾಗಿ ಎಳೆಯಬೇಕು.

ಇದರ ಹೊಣೆಯನ್ನು ಕೊಲ್ಹಾಪುರ ಮತ್ತು 2022ರಲ್ಲಿ ಮಹಾನಗರ ಪಾಲಿಕೆಯಾದ ಇಚಲಕರಂಜಿಯ ಆರೋಗ್ಯ ವಿಭಾಗಗಳು, ಗಡಹಿಂಗ್ಲಜದ ನಗರ ಪರಿಷತ್ತು, ನಾಭಿಕ ಮತ್ತು ಹಡಪದ ಸಮಾಜಗಳ ಸಂಘಟನೆಗಳು, ಮಹಿಳಾ ಸ್ವಸಹಾಯ ಸಂಘಗಳು ಒಟ್ಟಾಗಿ ಹೊರಬಹುದು. ದಂಡ ಹಾಕುವ ಇನ್ಸ್‌ಪೆಕ್ಟರನಿಗಿಂತ ಕಲಿಸಲು ಬರುವ ದಾದಿಯನ್ನು ಅಂಗಡಿಗಳು ಬೇಗ ಒಳಗೆ ಕರೆದುಕೊಳ್ಳುತ್ತವೆ. ಕಾನೂನು ಬರುವವರೆಗೆ ಓದುಗರು ಮಾಡಬಹುದಾದದ್ದೂ ಇದೆ. ಮುಂದಿನ ಸಲ ಕುರ್ಚಿಯಲ್ಲಿ ಕುಳಿತಾಗ ಹೊಸ ಬ್ಲೇಡನ್ನು ಕಣ್ಣೆದುರೇ ಬಿಚ್ಚಲು ಕೇಳಿರಿ, ಪಟಿಕದ ಬಿಲ್ಲೆ ಬೇಡವೆನ್ನಿರಿ, ಬಣ್ಣ ಹಚ್ಚಿಸಿಕೊಳ್ಳುವ ಎರಡು ದಿನ ಮೊದಲೇ ಹೋಗಿ ಒಂದು ತೊಟ್ಟು ಹಚ್ಚಿಸಿಕೊಂಡು ಬನ್ನಿರಿ, ಕುತ್ತಿಗೆ ತಿರುಗಿಸಗೊಡಬೇಡಿರಿ. ಮತ್ತು ಇಷ್ಟು ಕಾಳಜಿಯಿಂದ ಕೆಲಸ ಮಾಡುವ ಕೈಗೆ ಹತ್ತು ರೂಪಾಯಿ ಹೆಚ್ಚು ಕೊಡಲು ಹಿಂಜರಿಯಬೇಡಿರಿ.